ಹಾಜರಿದ್ದ ಸಾಕ್ಷಿ

ಜೂನ್ 9, ಸೋಮವಾರ

ಇವತ್ತು ಸಂತೋಷಪಡಬೇಕಾದ ದಿನ. ಹತ್ತೂವರೆಯಿಂದ ಹನ್ನೊಂದರವರೆಗೆ ಪಟ್ಟೆವು ಕೂಡ.

ಹೊಟ್ಟೆ ಉಬ್ಬರ ಎಂದು ಸೊಸೆ ನಂದಿತಾಳನ್ನು ಡಾಕ್ಟರ್ ಸುಮೇಧಾ ಹತ್ತಿರ ಕರೆದುಕೊಂಡು ಹೋಗಿದ್ದೆವು. ಉಬ್ಬರವಲ್ಲವಂತೆ, ಐದು ತಿಂಗಳಂತೆ. ಇಷ್ಟು ದಿನ ಹೇಗೆ ತಿಳಿಯಲಿಲ್ಲ ಎಂದರೆ ಅವಳಿಗೆ ಮೊದಲಿನಿಂದಲೂ ಆ ಲೆಕ್ಕ ಏರುಪೇರು. ಹೆಂಗಸರ ವಿಷಯ, ಇಲ್ಲಿ ಬರೆಯುವುದು ಬೇಡ. ನನ್ನ ಹೆಂಡತಿ ಜಯಲಕ್ಷ್ಮಿ ಇದ್ದಿದ್ದರೆ ಸೊಸೆಯ ಮುಖ ನೋಡಿಯೇ ಎರಡನೇ ತಿಂಗಳಲ್ಲಿ ಹೇಳಿಬಿಡುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು. ಉಳಿದವರು ನಾನು, ಮಗ ಸತ್ಯಾತ್ಮ. ಇಬ್ಬರು ಗಂಡಸರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು.

ಸತ್ಯಾತ್ಮ ಆಸ್ಪತ್ರೆಯ ಮೊಗಸಾಲೆಯಲ್ಲೇ ನನ್ನನ್ನು ತಬ್ಬಿಕೊಂಡ. ಎಸ್ಸೆಸೆಲ್ಸಿ ಪಾಸಾದ ಮೇಲೆ ಇದೇ ಮೊದಲು.

ಆಮೇಲೆ ಡಾಕ್ಟರ್ ಮನೆಯಲ್ಲಿ ಏನು ಮಾತ್ರೆ ತಗೊಳ್ಳುತ್ತಿದ್ದೀಯ ಎಂದು ಕೇಳಿದರು. ನಂದಿತಾ ಬ್ಯಾಗಿನಿಂದ ಬಿಪಿ ಮಾತ್ರೆಯ ಸ್ಟ್ರಿಪ್ ತೆಗೆದುಕೊಟ್ಟಳು. ಅವರು ಅದನ್ನು ತಿರುಗಿಸಿ ಓದಿ, ಮತ್ತೆ ಸ್ಕ್ಯಾನ್ ಮಾಡಿಸಿದರು. ಸಾರ್ಟಾನ್ ಜಾತಿಯ ಮಾತ್ರೆಯಂತೆ. ಬೇರೆಯವರಿಗೆ ಒಳ್ಳೆಯದೇ, ಇಂಥ ಸಮಯದಲ್ಲಿ ಕೂಡದು. ನಾಲ್ಕನೇ ತಿಂಗಳು ದಾಟಿದ ಮೇಲೆ ಅದು ಮಗುವಿನ ಕಿಡ್ನಿಗೆ ತೊಂದರೆ ಕೊಡುತ್ತದೆ. ಹೊಟ್ಟೆಯೊಳಗೆ ಮಗುವಿನ ಸುತ್ತ ಇರುವ ನೀರು ಹೆಚ್ಚಾಗಿ ಮಗುವಿನಿಂದಲೇ ಬರುವುದು, ಕಿಡ್ನಿ ಮಂದವಾದರೆ ನೀರು ಇಳಿಯುತ್ತದೆ. ನೀರಿನ ಅಳತೆ ಎಂಟು ಸೆಂಟಿಮೀಟರಾದರೂ ಇರಬೇಕಾದ ಕಡೆ ಐದಿದೆ.

ಎಲ್ಲ ಮಾತ್ರೆಯನ್ನೂ ತಿಪ್ಪೆಗೆ ಎಸೆಯುತ್ತೇನೆ ಎಂದೆ. ಡಾಕ್ಟರ್ ನನ್ನನ್ನೇ ಗದರಿದರು. ಬಿಪಿಯನ್ನು ಹಾಗೇ ಬಿಟ್ಟರೆ ತಾಯಿಗೂ ಮಗುವಿಗೂ ಅದೇ ಇನ್ನೊಂದು ಅಪಾಯವಂತೆ. ಬಸುರಿಯರಿಗೆ ಆಗುವ ಬೇರೆ ಮಾತ್ರೆ ಬರೆದುಕೊಟ್ಟರು. ವಾರಕ್ಕೊಂದು ಸ್ಕ್ಯಾನ್. ಮುಂದಿನದನ್ನು ಈಗಲೇ ಹೇಳಲಾಗದು ಎಂದರು.

ಆಟೋದಲ್ಲಿ ನಂದಿತಾ ಮನೆ ಬರುವವರೆಗೂ ಆ ಹೊಸ ಚೀಟಿಯನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದಳು.

ಜೂನ್ 10, ಮಂಗಳವಾರ

ಬಿಡುವವನಲ್ಲ ನಾನು.

ಮಾರ್ಚ್‌ನಲ್ಲಿ ಇಲ್ಲೇ ಮದರಾಸಿನ ಪೆರುಂಗುಡಿಯ ಅವಳ ಆಫೀಸಿನಲ್ಲಿ ಎಲ್ಲರಿಗೂ ಹೆಲ್ತ್ ಚೆಕಪ್ ಮಾಡಿದಾಗ ಇವಳ ಬಿಪಿ ನೂರ ಅರವತ್ತು ಬಂತು, ಮೂವತ್ತೊಂದು ವಯಸ್ಸಿಗೆ. ಸತ್ಯಾತ್ಮ ಊರಲ್ಲಿರಲಿಲ್ಲ. ವೇಲಚೇರಿ ಸ್ಟೇಷನ್ ಹತ್ತಿರದ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ಅದು ಮಾರ್ಚ್ ಹನ್ನೆರಡು. ಡಾಕ್ಟರ್ ಸುಮೇಧಾ ಲೆಕ್ಕದ ಪ್ರಕಾರ ಆಗಲೇ ಏಳು ವಾರ. ನರ್ಸ್ ಪ್ರಶ್ನೆ ಕೇಳಿ ಬರೆದುಕೊಂಡಳು, ಅಲ್ಲಿನ ಡಾಕ್ಟರ್ ಆ ಕಾಗದ ನೋಡಿ ಮಾತ್ರೆ ಬರೆದ. ಬಿಪಿ ಇಳಿಯಿತು. ಇಳಿಯಿತಲ್ಲ ಎಂದು ನಾವು ಮತ್ತೆ ಹೋಗಲಿಲ್ಲ. ಮೆಡಿಕಲ್ ಶಾಪಿನವನು ಅದೇ ಚೀಟಿಗೆ ತಿಂಗಳು ತಿಂಗಳೂ ಸ್ಟ್ರಿಪ್ ಕತ್ತರಿಸಿ ಕೊಟ್ಟ.

ನನ್ನ ಸೊಸೆಗೆ ತಮಿಳು ಬರುವುದಿಲ್ಲ. ಬಾರದ ಹಾಗೆ ನೋಡಿಕೊಂಡವನು ನಾನೇ, ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇದೆ. ನಾವು ಮದರಾಸಿಗೆ ಬಂದು ನಾಲ್ಕು ತಲೆಮಾರಾಯಿತು. ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತಮಿಳು, ಸತ್ಯಾತ್ಮನಂತೂ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವನು. ಕಳೆದ ವರ್ಷ ಮದ್ದೂರಿನ ಈ ಹುಡುಗಿ ಮನೆ ತುಂಬಿದಾಗ ಅವಳ ಮಾತು ಕೇಳುವುದೇ ನನಗೊಂದು ಸುಖವಾಯಿತು. ಅಂದೇ ನಿಯಮ ಮಾಡಿದೆ: ಮನೆಯೊಳಗೆ ಯಾರ ಬಾಯಲ್ಲಿ ತಮಿಳು ಬಂದರೂ ಅವರು ಕಾಫಿ ಫಿಲ್ಟರ್ ತೊಳೆಯಬೇಕು. ಸತ್ಯಾತ್ಮ ದಿನಾ ತೊಳೆಯುತ್ತಾನೆ. ಒಂದು ದಿನ ನಾನು ಕದ ಹಾಕಮ್ಮ ಎನ್ನುವ ಬದಲು ‘ಕದ ಸಾತಮ್ಮ’ ಎಂದೆ. ಸಾತು ಯಾವ ಭಾಷೆ ಮಾವ ಎಂದಳು. ತೊಳೆದೆ.

ಹಾಗಾಗಿ ಕ್ಲಿನಿಕ್ಕಿನಲ್ಲಿ ನಾನೇ ಪಕ್ಕದಲ್ಲಿ ಕೂತು ಒಂದೊಂದನ್ನೂ ಕನ್ನಡದಲ್ಲಿ ಹೇಳಿದ್ದೆ. ಬಸುರಿಯೇ ಎಂದು ಯಾರೂ ಕೇಳಿದ ನೆನಪಿಲ್ಲ. ನಂದಿತಾಳನ್ನು ವಿಚಾರಿಸಿದೆ. ಯಾರೂ ಕೇಳಲಿಲ್ಲ ಎಂದಳು. ವಯಸ್ಸಿನ ಹೆಣ್ಣುಮಗಳಿಗೆ ಇಂಥ ಮಾತ್ರೆ ಕೊಡುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಕೇಳಿಲ್ಲ. ಮೂವತ್ತನಾಲ್ಕು ವರ್ಷ ವಕೀಲರ ಗುಮಾಸ್ತನಾಗಿದ್ದವನಿಗೆ ಇಷ್ಟು ಸಾಕು.

ಜೂನ್ 13, ಶುಕ್ರವಾರ

ಪ್ಯಾರೀಸ್ ಕಾರ್ನರಿಗೆ ಹೋಗಿ ನನ್ನ ಹಳೆಯ ಯಜಮಾನರು ಮಧ್ವರಾಜ ವಕೀಲರನ್ನು ನೋಡಿ ಬಂದೆ. ಅದೇ ಎರಡನೇ ಮಹಡಿ, ಅದೇ ಮುರುಕು ಮೆಟ್ಟಿಲು. ನನ್ನ ಕುರ್ಚಿಯಲ್ಲಿ ಯಾರೋ ಕಂಪ್ಯೂಟರ್ ಇಟ್ಟಿದ್ದಾರೆ.

ದಾರಿ ಮೂರಿವೆ ಎಂದರು. ಮೊದಲು ಲಾಯರ್ ನೋಟಿಸ್. ಅದಕ್ಕೆ ಬಗ್ಗದಿದ್ದರೆ ಗ್ರಾಹಕರ ಆಯೋಗದಲ್ಲಿ ದೂರು, ಎರಡು ವರ್ಷದೊಳಗೆ ಹಾಕಬೇಕು. ಬೇಕಾದರೆ ಮೆಡಿಕಲ್ ಕೌನ್ಸಿಲ್, ಅಲ್ಲಿ ಡಾಕ್ಟರ ಮೇಲೆ ಕ್ರಮವಾಗಬಹುದು, ನಮಗೆ ಪರಿಹಾರ ಸಿಗುವುದಿಲ್ಲ. ಯಾವುದಕ್ಕೂ ಮುಂಚೆ ಕ್ಲಿನಿಕ್ಕಿನ ದಾಖಲೆಯ ಪ್ರತಿ ಬೇಕು, ಕೇಳಿದರೆ ಅವರು ಕೊಡಲೇಬೇಕು. ಇನ್ನೊಬ್ಬ ಡಾಕ್ಟರ ಲಿಖಿತ ಅಭಿಪ್ರಾಯ ಬೇಕು. ತೊಂದರೆ ಎಷ್ಟೆಂದು ಮಗು ಹುಟ್ಟಿದ ಮೇಲೆ ತಾನೇ ಗೊತ್ತಾಗುವುದು.

“ಮಗು ಗಟ್ಟಿಮುಟ್ಟಾಗಿ ಹುಟ್ಟಿದರೆ ಕೇಸು ಸಣ್ಣದಾಗುತ್ತೆ, ಹರಿದಾಸ. ಹಾಗೇ ಆಗಲಿ ಅಂತ ದೇವರಲ್ಲಿ ಕೇಳಿಕೊ,” ಎಂದರು.

ಮನೆಗೆ ಬಂದು ನೋಟಿಸಿನ ಕರಡು ಬರೆದೆ. ಏಳು ವರ್ಷದ ಮೇಲೆ ನೋಟಿಸಿಗೆ ಪೆನ್ನು ಹಿಡಿದರೂ ಕೈ ಮರೆತಿಲ್ಲ. ‘ಅತ್ಯಂತ ಪ್ರಾಥಮಿಕ ವಿಚಾರಣೆಯನ್ನೂ ಮಾಡದೆ’ ಎಂಬ ಕಡೆ ಕೆಳಗೆ ಗೆರೆ ಎಳೆದೆ. ಇಷ್ಟು ದಿನದಲ್ಲಿ ಇವತ್ತೇ ಹೊಟ್ಟೆ ತುಂಬ ಊಟ ಸೇರಿತು.

ಜೂನ್ 16, ಸೋಮವಾರ

ಇವತ್ತಿನ ಸ್ಕ್ಯಾನಿನಲ್ಲೂ ನೀರು ಐದೇ. ಏರಿಲ್ಲ, ಇಳಿದಿಲ್ಲ.

ಬೀಗಿತ್ತಿ ಬೋರಮ್ಮನವರು ಮದ್ದೂರಿನಿಂದ ಫೋನ್ ಮಾಡಿದ್ದರು. ತುಂಬ ಮಾತಾಡುವ ಹೆಂಗಸು, ಇವತ್ತು ಒಂದೇ ಮಾತು ಕೇಳಿದರು.

“ಯಾರ ತೆಪ್ಪು ಬೀಗ್ರೆ ಇದು?”

ಕ್ಲಿನಿಕ್ಕಿನವರದು ಎಂದೆ. ಹಂಗಾರೆ ಬುಡಬ್ಯಾಡಿ ಎಂದು ಫೋನ್ ಇಟ್ಟರು.

ನಂದಿತಾ ದಿನವಿಡೀ ನೀರು ಕುಡಿಯುತ್ತಾಳೆ. ನಾನು ಹೂಜಿ ತುಂಬಿಸಿ ತುಂಬಿಸಿ ಇಡುತ್ತೇನೆ. ಸಂಜೆಯಾದರೆ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು, ಇವತ್ತು ಮಗ ಒಂದಕ್ಕೆ ಮಾಡಿರ್ತದಾ ಮಾವ ಎನ್ನುತ್ತಾಳೆ. ಅವಳು ಕೇಳುವುದು ಇನ್ನೂ ಒರಟಾದ ಮಾತಿನಲ್ಲಿ, ಮಾವನ ಮುಖ ನೋಡಿಕೊಂಡು. ಮಾಡಿರುತ್ತೆ ಕಣಮ್ಮ ಎನ್ನುತ್ತೇನೆ. ಆ ಹುಡುಗಿಗೆ ಸಂಕೋಚ ಎನ್ನುವುದು ಇಲ್ಲ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಜೂನ್ 20, ಶುಕ್ರವಾರ

ದಾಖಲೆ ಕೈಗೆ ಬಂತು. ಮೈ ಉರಿಯಿತು.

‘ಗರ್ಭಿಣಿಯೇ ಎಂದು ವಿಚಾರಿಸಲಾಯಿತು. ಇಲ್ಲ ಎಂದರು.’ ನರ್ಸಿನ ಕೈಬರಹ, ಅದೇ ದಿನಾಂಕ. ಆಮೇಲೆ ಸೇರಿಸಿದ್ದು ಎಂದು ನಾನು ಕ್ಲಿನಿಕ್ಕಿನಲ್ಲೇ ಕೂಗಾಡಿದೆ. ಮ್ಯಾನೇಜರ್ ಆ ನರ್ಸನ್ನು ಕರೆಸಿದ. ಗುಣವತಿ ಅಂತೆ ಹೆಸರು, ಇಪ್ಪತ್ತೈದು ದಾಟಿರಲಾರದು. ಕೇಳದೆ ಬರೆದಿದ್ದರೆ ಇವತ್ತೇ ಮನೆಗೆ ಕಳಿಸುತ್ತೇನೆ ಸಾರ್ ಎಂದು ಅವಳ ಎದುರಿಗೇ ಅಂದ. ಅವಳು ನನ್ನನ್ನೇ ನೋಡಿಕೊಂಡು, ‘ಕೇಟ್ಟೇನ್ ಸಾರ್’ ಎಂದಳು, ಕೇಳಿದೆ ಅಂತ. ಸುಳ್ಳು ಎಂದೆ. ಅವಳು ಮತ್ತೆ ಬಾಯಿ ಬಿಡಲಿಲ್ಲ.

ಬಾಯಿ ಬಿಡದವರನ್ನು ಕಂಡರೆ ಕೋರ್ಟಿನಲ್ಲಿ ನಮಗೆ ಖುಷಿಯಾಗುತ್ತಿತ್ತು. ಇವತ್ತು ಯಾಕೋ ಆಗಲಿಲ್ಲ.

ಜೂನ್ 23, ಸೋಮವಾರ

ಆರೂವರೆ! ಶ್ಯಾವಿಗೆ ಪಾಯಸ ಮಾಡಿದೆ. ಸಕ್ಕರೆ ಜಾಸ್ತಿಯಾಯ್ತು ಎಂದಳು, ಎರಡು ಬಟ್ಟಲು ತಿಂದಳು.

ಜೂನ್ 29, ಭಾನುವಾರ

ಬರೆಯಬೇಕೋ ಬೇಡವೋ ಎಂದು ಒಂದು ಗಂಟೆ ಕೂತಿದ್ದೆ.

ಊಟವಾದ ಮೇಲೆ ಸತ್ಯಾತ್ಮ ತರಕಾರಿಗೆ ಹೋಗಿದ್ದ. ನಾವಿಬ್ಬರೇ ಇದ್ದೆವು. ಅವಳ ಮೇಜಿನ ಮೇಲೆ ಸಾಲಾಗಿ ಸೆಂಟಿನ ಬಾಟಲಿ ನೋಡಿ, ಏನಮ್ಮ ಅಂಗಡಿ ಇಡುತ್ತೀಯಾ ಎಂದು ಕೀಟಲೆ ಮಾಡಿದೆ. ನಕ್ಕಳು. ಅದಕ್ಕೊಂದು ಕತೆ ಇದೆ, ನಾಚಿಕೆಯಾಗಿ ಯಾರಿಗೂ ಹೇಳಿಲ್ಲ ಎಂದಳು.

“ಆ ಕ್ಲಿನಿಕ್ಕಲ್ಲಿ ನರ್ಸು ನನ್ನ ಕಿವಿ ಹತ್ರ ಬಗ್ಗಿ ‘ಮುಳುಗಾಮ ಇರುಕ್ಕೀಂಗಳಾ’ ಅಂದ್ಲು ಮಾವ. ಸ್ನಾನ ಮಾಡ್ದೆ ಬಂದಿದ್ದೀಯಾ ಅಂತ. ಬೆವ್ರು ವಾಸ್ನೆ ಹೊಡೀತಿತ್ತೇನೋ ಅಂದ್ಕಂಡು ನಂಗೆ ಮುಖ ಎತ್ತಕ್ಕಾಗಲಿಲ್ಲ. ಇಲ್ಲ ಇಲ್ಲ, ಇಲ್ಲವೇ ಇಲ್ಲ ಅಂತ ತಲೆ ಆಡಿಸ್ದೆ. ಅವತ್ತೇ ಈ ಸೆಂಟು ತಂದಿದ್ದು.”

ನಾನೂ ನಗಲು ಶುರುಮಾಡಿದ್ದೆ. ಅರ್ಧಕ್ಕೆ ನಿಂತಿತು.

ತಿಂಗಳ ಮೂರು ದಿನ ಕಳೆದು ಹೆಂಗಸರು ಮಾಡುವ ತಲೆಸ್ನಾನಕ್ಕೆ ತಮಿಳಿನಲ್ಲಿ ಮುಳುಗುವುದು ಎನ್ನುತ್ತಾರೆ. ಮುಳುಗದೆ ಇದ್ದಾಳೆ ಎಂದರೆ ಮುಟ್ಟು ನಿಂತಿದೆ, ಬಸುರಿ ಎಂದರ್ಥ. ನಾವು ಮೊದಲಿದ್ದ ತಿರುವಲ್ಲಿಕ್ಕೇಣಿಯಲ್ಲಿ ಅಕ್ಕಪಕ್ಕದ ಹೆಂಗಸರು ಜಯಲಕ್ಷ್ಮಿಯನ್ನು ಇದೇ ಮಾತಿನಲ್ಲಿ ಕೇಳುತ್ತಿದ್ದರು. ಕನ್ನಡದಲ್ಲೂ ಮುಳುಗು ಇದೆ ನೋಡಿ, ಈ ಹುಡುಗಿ ಅದನ್ನು ಹಿಡಿದುಕೊಂಡು ತನಗೆ ತೋಚಿದ ಅರ್ಥ ಮಾಡಿಕೊಂಡಿದ್ದಾಳೆ.

ಕೇಳಿದ್ದಾಳೆ. ಗುಣವತಿ ಕೇಳಿದ್ದಾಳೆ.

ಪಕ್ಕದಲ್ಲೇ ಕೂತಿದ್ದ ನಾನೇನು ಮಾಡುತ್ತಿದ್ದೆ? ಈಗ ನೆನಪಾಗುತ್ತಿದೆ. ಅಲ್ಲಿಯವರೆಗೆ ಪಟಪಟನೆ ಕೇಳುತ್ತಿದ್ದ ನರ್ಸ್ ಒಮ್ಮೆ ನಿಲ್ಲಿಸಿ, ಕಾಗದ ನೋಡಿ, ನನ್ನ ಮುಖ ನೋಡಿದಳು. ಇನ್ನು ಹೆಂಗಸರ ವಿಷಯ, ಮಾವನಾದವನು ಕೂತಿರಬಾರದು ಎಂದು ನಾನೇ ಮರ್ಯಾದೆಯಿಂದ ಎದ್ದು ಹೊರಗೆ ಬಂದೆ. ಬಾಗಿಲ ಪಕ್ಕ ಸೊಳ್ಳೆಯ ಬಗ್ಗೆ ಒಂದು ಪೋಸ್ಟರ್ ಇತ್ತು. ಅದನ್ನು ಪೂರ್ತಿ ಓದಿದೆ.

ಜೂನ್ 30, ಸೋಮವಾರ

ಏಳೂವರೆ.

ಮಧ್ವರಾಜರು ನನ್ನ ಪ್ರಮಾಣಪತ್ರದ ಕರಡು ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ‘ಮೊದಲಿನಿಂದ ಕೊನೆಯವರೆಗೆ ನಾನು ಹಾಜರಿದ್ದು ಪ್ರತಿಯೊಂದು ಪ್ರಶ್ನೆಯನ್ನೂ ಭಾಷಾಂತರಿಸಿರುತ್ತೇನೆ. ಗರ್ಭಧಾರಣೆಯ ಬಗ್ಗೆ ಯಾರೂ ವಿಚಾರಿಸಿರುವುದಿಲ್ಲ.’ ನಾನು ಹೇಳಿದ್ದನ್ನೇ ಬರೆದಿದ್ದಾರೆ. ಇದೊಂದು ಸಹಿ ಬಿದ್ದರೆ ಅವರ ಕಾಗದ ನಿಲ್ಲುವುದಿಲ್ಲ ಎಂದಿದ್ದಾರೆ.

ಸಹಿ ಮಾಡಿದರೆ ಗುಣವತಿ ಸುಳ್ಳಿ, ಅವಳ ಕೆಲಸ ಹೋಗುತ್ತದೆ. ಮಾಡದೆ ನಿಜ ಹೇಳಿದರೆ ಇಲ್ಲವೇ ಇಲ್ಲ ಎಂದದ್ದು ತನ್ನದೇ ಬಾಯಿ ಎಂದು ನಂದಿತಾಗೆ ಗೊತ್ತಾಗುತ್ತದೆ. ಈಗೀಗ ಅವಳಿಗೆ ನಿದ್ದೆ ಬರುತ್ತಿದೆ. ಮನಸ್ಸಿಗೆ ಹಚ್ಚಿಕೊಂಡರೆ ಬಿಪಿ ಏರುತ್ತದೆ, ಏರಬಾರದು ಎಂದು ಡಾಕ್ಟರೇ ಹೇಳಿದ್ದಾರೆ. ಸುಮ್ಮನಿರುವುದಕ್ಕೆ ಒಳ್ಳೆಯ ಕಾರಣವೇ ಇದೆ. ಒಳ್ಳೆಯ ಕಾರಣ ಹುಡುಕಿಕೊಡುವುದೇ ನನ್ನ ಕಸುಬಾಗಿತ್ತು.

ಜುಲೈ 2, ಬುಧವಾರ

ಸಹಿ ಮಾಡಲಿಲ್ಲ. ಹೇಳಲೂ ಇಲ್ಲ. ಫಿಲ್ಟರ್ ತೊಳೆದಿಟ್ಟೆ, ಮನೆಯಲ್ಲಿ ಯಾರೂ ತಮಿಳು ಮಾತಾಡಿರಲಿಲ್ಲ.

ಜುಲೈ 4, ಶುಕ್ರವಾರ

ಬೆಳಿಗ್ಗೆ ಡಾಕ್ಟರ್ ಸುಮೇಧಾಗೆ ಫೋನ್ ಮಾಡಿ ಇರುವುದನ್ನು ಇದ್ದ ಹಾಗೆ ಹೇಳಿದೆ, ನಂದಿತಾಗೆ ತಿಳಿಸಬಹುದೇ ಎಂದು ಕೇಳಿದೆ. ತಿಳಿಸಿ, ಮುಚ್ಚಿಟ್ಟು ಆಮೇಲೆ ಬೇರೆ ಯಾರಿಂದಲೋ ಗೊತ್ತಾಗುವುದು ಬೇಡ, ಗಂಡ ಪಕ್ಕದಲ್ಲಿರಲಿ ಎಂದರು.

ಸಂಜೆ ಇಬ್ಬರನ್ನೂ ಕೂರಿಸಿಕೊಂಡೆ. ಏನೇನೋ ಪೀಠಿಕೆ ಯೋಚಿಸಿಟ್ಟಿದ್ದೆ, ಒಂದೂ ಬರಲಿಲ್ಲ.

“ನರ್ಸ್ ಅವತ್ತು ಕೇಳಿದ್ದು ಸ್ನಾನದ ವಿಷಯ ಅಲ್ಲಮ್ಮ. ನೀನು ಬಸುರಿಯಾ ಅಂತ ಕೇಳಿದ್ದು. ಅಲ್ಲಿ ಎರಡು ಭಾಷೆಯೂ ಗೊತ್ತಿದ್ದವನು ನಾನೊಬ್ಬನೇ. ನಾನು ನಾಚಿಕೊಂಡು ಎದ್ದು ಹೋಗಿದ್ದೆ.”

ಸತ್ಯಾತ್ಮ ತಲೆ ಮೇಲೆ ಕೈ ಇಟ್ಟುಕೊಂಡ. ನಂದಿತಾ ನನ್ನನ್ನು ನೋಡಲಿಲ್ಲ.

“ಹಂಗಾರೆ ನಾನೇ ಇಲ್ಲ ಅಂದ್ನಾ?” ಎಂದಳು.

ಅಷ್ಟೇ. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸತ್ಯಾತ್ಮ ಹಿಂದೆಯೇ ಹೋದ. ಹುಳಿ ಮಾಡಿದ್ದೆ, ಹಾಗೇ ಉಳಿಯಿತು.

ಜುಲೈ 5, ಶನಿವಾರ

ಇವತ್ತು ಹೂಜಿಯನ್ನು ಅವಳೇ ತುಂಬಿಸಿಕೊಂಡಳು.

ಜುಲೈ 7, ಸೋಮವಾರ

ಸ್ಕ್ಯಾನಿಗೆ ಅವರಿಬ್ಬರೇ ಹೋದರು. ನಾನು ಶರ್ಟು ಹಾಕಿಕೊಂಡು ಹಜಾರದಲ್ಲಿ ಕೂತಿದ್ದೆ, ಬನ್ನಿ ಎನ್ನಲಿಲ್ಲ. ಬಂದ ಮೇಲೂ ಹೇಳಲಿಲ್ಲ. ಸಂಜೆ ಸತ್ಯಾತ್ಮ ಬಟ್ಟೆ ಒಣಹಾಕುತ್ತಾ ಎಂಟೂವರೆ ಎಂದ. ಬಾಲ್ಕನಿಯಲ್ಲೇ ನನಗೆ ಅಳು ಬಂತು. ಅವನು ನೋಡದವನ ಹಾಗೆ ಟವೆಲ್ಲು ಕೊಡವಿದ.

ಜುಲೈ 9, ಬುಧವಾರ

ಬೆಳಿಗ್ಗೆ ಬೀನ್ಸ್ ಸೋಸುತ್ತಿದ್ದೆ. ನಂದಿತಾ ಬಂದು ಎದುರಿಗೆ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು. ನಾರು ತೆಗೆಯುತ್ತಲೇ, ವಕೀಲರು ಏನಂದರು ಎಂದಳು.

ಹೇಳಿದೆ. ನಡೆದದ್ದನ್ನು ತಿಳಿಸಿದಾಗ ಮೊದಲು ಬೈದರು, ಸುಳ್ಳು ಪ್ರಮಾಣಪತ್ರ ಮಾಡಿಸಲು ಹೊರಟಿದ್ದೆಯಾ ಎಂದು. ಆಮೇಲೆ ಕೇಸು ಸತ್ತಿಲ್ಲ ಎಂದರು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಬೇಕಿತ್ತು. ಡಾಕ್ಟರ್ ತಾನಾಗಿ ಏನೂ ವಿಚಾರಿಸಿಲ್ಲ, ಬಸುರಾದರೆ ಈ ಮಾತ್ರೆ ಕೂಡದು ಎಂದು ಎಚ್ಚರಿಸಿಲ್ಲ, ಐದು ನಿಮಿಷದ ಮೂತ್ರ ಪರೀಕ್ಷೆ ಮಾಡಿಸಿಲ್ಲ. ಅದೆಲ್ಲ ಹಾಗೇ ಇದೆ. ವಾದ ಮಾತ್ರ ಮೊದಲಿನಷ್ಟು ಸುಲಭವಿಲ್ಲ.

ಅವಳು ಕೈಯಲ್ಲಿದ್ದ ಬೀನ್ಸ್ ಮುಗಿಸಿದಳು.

“ಆ ನರ್ಸು ಸುಳ್ಳಿ ಅಂತ ಬರ್ದಿದ್ದ ಕಾಗ್ದ ಮೊದ್ಲು ಹರೀರಿ. ಕೇಸು ಹಾಕದು, ಬುಡದು, ಮಗೀನ ಮುಖ ನೋಡಿದ್‌ಮೇಲೆ ನಾನ್ ಹೇಳ್ತೀನಿ. ಅದು ನಂದು ಮಾವ, ನಿಮ್ದಲ್ಲ.”

ಆಗಲಿ ಎಂದೆ. ಮೂವತ್ತನಾಲ್ಕು ವರ್ಷದಲ್ಲಿ ಕಕ್ಷಿಗಾರರು ನನಗೆ ಹೀಗೆ ಖಂಡತುಂಡವಾಗಿ ಹೇಳಿದ್ದಿಲ್ಲ. ಎದ್ದು ಹೋಗುವಾಗ ಇನ್ನೊಂದು ಹೇಳಿದಳು: ಇವತ್ತಿನಿಂದ ನಂಗೆ ತಮಿಳು ಕಲಿಸಿ.

ಜುಲೈ 20, ಭಾನುವಾರ

ಕ್ಲಿನಿಕ್ಕಿಗೆ ಬರೆದ ಪತ್ರಕ್ಕೆ ಉತ್ತರ ಬಂದಿದೆ, ಎರಡೇ ಸಾಲು. ನಾವು ಬರೆದದ್ದು ಒಂದು ಪುಟ. ನಡೆದದ್ದನ್ನು ನಡೆದ ಹಾಗೆ ಹೇಳಿ, ‘ಆ ಪ್ರಶ್ನೆ ಕೇಳಿದಾಗ ಭಾಷಾಂತರ ಮಾಡುತ್ತಿದ್ದ ನಾನು ಹೊರಗೆ ಹೋಗಿದ್ದೆ’ ಎಂಬುದನ್ನೂ ಸೇರಿಸಿ, ಈ ಜಾತಿಯ ಮಾತ್ರೆ ಕೊಡುವ ಮುಂಚೆ ಪರೀಕ್ಷೆ ಮಾಡಿಸಿ, ಪ್ರಶ್ನೆಯನ್ನು ನಾಲ್ಕಾರು ಭಾಷೆಯಲ್ಲಿ ಅಚ್ಚು ಹಾಕಿಸಿ ಎಂದು ಕೇಳಿದ್ದೆವು. ನಂದಿತಾಳ ಸಹಿ, ಕೆಳಗೆ ನನ್ನದು. ಕಾನೂನಿನ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ ಎಂಬ ಸಾಲು ಮಧ್ವರಾಜರದು. ಪರಿಶೀಲಿಸುತ್ತೇವೆ ಎಂದಿದ್ದಾರೆ ಕ್ಲಿನಿಕ್ಕಿನವರು. ಪ್ರಶ್ನೆಯ ಕನ್ನಡ ರೂಪ ಕಳಿಸಿಕೊಡುವಿರಾ ಎಂದು ಗುಣವತಿಯೇ ಆಮೇಲೆ ಫೋನ್ ಮಾಡಿದಳು. ಕ್ಷಮಿಸಮ್ಮ ಎಂದೆ. ಪರವಾಯಿಲ್ಲೆ ಸಾರ್ ಎಂದಳು.

ತಮಿಳು ಪಾಠ ಜೋರಾಗಿ ನಡೆದಿದೆ. ಹೂವು ಹಣ್ಣು ಬೇಡ, ಡಾಕ್ಟರು ಕೇಳುವ ಮಾತೆಲ್ಲ ಮೊದಲು ಎಂದಳು. ಮುಟ್ಟು, ಬಿಳಿಸೆರಗು, ರಕ್ತಸ್ರಾವ, ಹೊಟ್ಟೆ ಬಿಗಿಯುವುದು, ಮೊಲೆಹಾಲು, ಹೆರಿಗೆ ನೋವು ಎಲ್ಲ ಆಯಿತು. ಕೆಲವಕ್ಕೆ ತಮಿಳು ನನಗೇ ಗೊತ್ತಿರಲಿಲ್ಲ, ಕೆಳಗಿನ ಮನೆಯ ಅಂಬುಜಾ ಮಾಮಿಯನ್ನು ಹೋಗಿ ಕೇಳಿಕೊಂಡು ಬಂದೆ. ಮಾಮಿ ನನ್ನನ್ನು ಒಂದು ಥರಾ ನೋಡಿದರು. ಉಚ್ಚಾರಣೆ ಸರಿಯಿಲ್ಲ ಎಂದರೆ ಶಿಷ್ಯೆ ನನಗೇ ತಿರುಗಿ ಬೀಳುತ್ತಾಳೆ.

ಆಗಸ್ಟ್ 11, ಸೋಮವಾರ

ಹನ್ನೆರಡು!

ಎರಡು ಕಿಡ್ನಿಯೂ ಚೆನ್ನಾಗಿ ಕಾಣುತ್ತಿವೆ. ಹುಟ್ಟಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಬೇಕು, ಅಲ್ಲಿಯವರೆಗೆ ಪೂರ್ತಿ ಧೈರ್ಯ ಹೇಳುವುದಿಲ್ಲ ಎಂದರು ಡಾಕ್ಟರ್ ಸುಮೇಧಾ. ಆದರೆ ಮೂತ್ರಕೋಶ ತುಂಬಿ, ನಾವು ನೋಡುತ್ತಿದ್ದ ಹಾಗೇ ಖಾಲಿಯಾಯಿತು. ಮಗು ಉಚ್ಚೆ ಹೊಯ್ದದ್ದನ್ನು ನಾನು ಪರದೆ ಮೇಲೆ ಕಣ್ಣಾರೆ ಕಂಡೆ. ಸತ್ಯಾತ್ಮ ಆಫೀಸಿನಿಂದ ಮೂರು ಸಲ ಫೋನ್ ಮಾಡಿದ, ಮೂರು ಸಲವೂ ಇದನ್ನೇ ಹೇಳಿದೆ.

ಡಾಕ್ಟರ ಮೇಜಿನ ಮುಂದೆ ಅವಳ ಪಕ್ಕದಲ್ಲಿ ಕೂತಿದ್ದೆ. ರಕ್ತಸ್ರಾವ ಇದೆಯೇ, ಬಿಳಿಸೆರಗು ಹೆಚ್ಚಾಗಿದೆಯೇ, ಮಗು ದಿನಕ್ಕೆ ಎಷ್ಟು ಸಲ ಒದೆಯುತ್ತದೆ. ಡಾಕ್ಟರ ತಮಿಳು ಅರ್ಧ ಅವಳಿಗೇ ಅರ್ಥವಾಯಿತು, ಉಳಿದರ್ಧ ನಾನು ಹೇಳಿದೆ. ಬಿಪಿ ನೋಡಿದರು, ಹತೋಟಿಯಲ್ಲಿದೆ. ಚೀಟಿ ಬರೆಯುತ್ತಾ ಡಾಕ್ಟರ್ ಒಮ್ಮೆ ತಲೆಯೆತ್ತಿ ಅವಳ ಮುಖ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ಇವರ ಮನಸ್ಸಿನಲ್ಲಿ ಆ ಮಾತು ಇನ್ನೂ ಇದೆ ಅನ್ನಿಸುತ್ತೆ ಸಾರ್, ತಪ್ಪು ಅವರ ಮೇಲೆ ಇಲ್ಲ ಅಂತ ಸರಿಯಾಗಿ ಹೇಳಿ ಎಂದರು.

“ತಪ್ಪು ನಿನ್ನ ಮೇಲೆ ಇಲ್ಲವಂತಮ್ಮ,” ಎಂದೆ.

ನಂದಿತಾ ಕೇಳಿಸಿಕೊಂಡಳು. ಸ್ವಲ್ಪ ಹೊತ್ತು ತುಟಿ ಆಡಿಸಿ ಏನೋ ಜೋಡಿಸಿಕೊಂಡಳು. ಆಮೇಲೆ ನನ್ನನ್ನು ಬಿಟ್ಟು, ನೇರವಾಗಿ ಡಾಕ್ಟರನ್ನು ನೋಡಿ ತಮಿಳಿನಲ್ಲಿ ಹೇಳಿದಳು.

“ನಮ್ಮ ಮಾವು ಮೇಲೆಯೂ ತಪ್ಪು ಇಲ್ಲೆ, ಡಾಕ್ಟರ್.”

ಮಾವನಿಗೆ ತಮಿಳಿನಲ್ಲಿ ಮಾಮಾ, ಮಾವು ಎಂದರೆ ಹಿಟ್ಟು. ನಮ್ಮ ಎಂದರೆ ಕೇಳುವವರನ್ನೂ ಸೇರಿಸಿಕೊಂಡ ಹಾಗೆ, ಹಿಟ್ಟು ಡಾಕ್ಟರದೂ ಆಯಿತು. ಅಷ್ಟು ಚಿಕ್ಕ ವಾಕ್ಯದಲ್ಲಿ ಎರಡು ತಪ್ಪು. ನಾನು ತಿದ್ದಲಿಲ್ಲ.